ಇಟಾಲಿಯನ್ ನಿಯತ ಕ್ರಿಯಾಪದಗಳ ರೂಪಗಳನ್ನು ಕಟ್ಟುವ ಬಗೆ

ಸಹಾಯಕ ಕ್ರಿಯಾಪದದ ನೆರವಿಲ್ಲದೆ ನಿಲ್ಲುವ ಸರಳ ರೂಪಗಳನ್ನಷ್ಟೇ ಎಣಿಸಿದರೂ ಇಟಾಲಿಯನ್ ಕ್ರಿಯಾಪದಕ್ಕೆ 7 ಕಾಲಗಳಿವೆ. ನಿಶ್ಚಯಾರ್ಥವಾದ ‘ಇಂದಿಕತೀವೊ’ದಲ್ಲಿ 4, ಊಹೆ, ಆಸೆ, ಸಂಶಯಗಳನ್ನು ಹೇಳುವ ‘ಕೊಂಜುಂತೀವೊ’ದಲ್ಲಿ 2, ‘ಹೀಗಿದ್ದರೆ ಹಾಗೆ ಮಾಡುತ್ತಿದ್ದೆ’ ಎಂಬ ಧಾಟಿಯ ‘ಕೊಂದಿತ್ಸಿಯೊನಾಲೆ’ಯಲ್ಲಿ 1. ಕಾಲಕ್ಕೆ 6 ರೂಪಗಳಂತೆ ಒಂದು ಧಾತುವಿಗೆ 42 ರೂಪಗಳಾಗುತ್ತವೆ. ಧಾತುಗಳಲ್ಲಿ ಮೂರು ಗಣಗಳಿರುವುದರಿಂದ ಒಟ್ಟು 126. ಇವನ್ನು ಮಗ್ಗಿಯಂತೆ ಉರುಹೊಡೆಯಲು ಹೊರಟವರು ಸಾಮಾನ್ಯವಾಗಿ ಮೂರನೆಯ ಕಾಲಕ್ಕೆ ಬರುವಷ್ಟರಲ್ಲಿ ಕೈಚೆಲ್ಲುತ್ತಾರೆ. ಕನ್ನಡ ಬಲ್ಲವರಿಗೆ ಆ ಕಷ್ಟ ಬೇಕಿಲ್ಲ. ಧಾತುವಿಗೆ ಆಖ್ಯಾತ ಪ್ರತ್ಯಯ ಹತ್ತಿಸುವುದು ನಮಗೆ ಹುಟ್ಟಿನಿಂದ ಬಂದದ್ದು. ‘ಹಾಡುತ್ತೇನೆ’ ಎಂದರೆ ಸಾಕು, ‘ನಾನು’ ಎಂದು ಬೇರೆ ಹೇಳಬೇಕಾಗಿಲ್ಲ. ಇಟಾಲಿಯನ್ನಿನಲ್ಲೂ ಹಾಗೆಯೇ. ಇದಕ್ಕಿಂತ ದೊಡ್ಡ ಅನುಕೂಲವೆಂದರೆ ಹ್ರಸ್ವ ದೀರ್ಘಗಳನ್ನೂ ಒಂಟಿ ವ್ಯಂಜನ ದ್ವಿತ್ವಗಳನ್ನೂ ಬೇರೆಬೇರೆಯಾಗಿ ಕೇಳುವ ಕಿವಿ ನಮಗಿದೆ, ಮತ್ತು ಈ ರೂಪಗಳ ವ್ಯತ್ಯಾಸ ಬಹುಪಾಲು ಅಲ್ಲಿಯೇ ಅಡಗಿದೆ.

ಮುಂದಿನ ಉದಾಹರಣೆಗಳಲ್ಲಿ ಉಚ್ಚಾರಣೆಯ ಒತ್ತು ಬೀಳುವ ಸ್ವರವನ್ನು ದೀರ್ಘವಾಗಿ ಬರೆದಿದ್ದೇನೆ. ಅದರ ಬೆನ್ನಿಗೇ ದ್ವಿತ್ವ ಅಥವಾ ಸಂಯುಕ್ತಾಕ್ಷರ ಬಂದಾಗ ಮಾತ್ರ ಸ್ವರ ಹ್ರಸ್ವವಾಗಿಯೇ ಉಳಿಯುತ್ತದೆ.

ಮೊದಲು ನಿಘಂಟಿನಲ್ಲಿ ಸಿಗುವ ಭಾವರೂಪವನ್ನು ತೆಗೆದುಕೊಳ್ಳಿ. ಅದು ‘ಆರೆ’, ‘ಎರೆ’, ‘ಈರೆ’ ಎಂಬ ಮೂರರಲ್ಲಿ ಒಂದರಿಂದ ಕೊನೆಗೊಳ್ಳುತ್ತದೆ: ‘ಕಂತಾರೆ’ ಎಂದರೆ ಹಾಡುವುದು, ‘ವೆಂದೆರೆ’ ಎಂದರೆ ಮಾರುವುದು, ‘ದೊರ್ಮೀರೆ’ ಎಂದರೆ ನಿದ್ದೆ ಮಾಡುವುದು. ಆ ಬಾಲವನ್ನು ಕತ್ತರಿಸಿದರೆ ಧಾತು ಉಳಿಯುತ್ತದೆ. ವರ್ತಮಾನದಲ್ಲಿ ನಾನು, ನೀನು, ಅವನು ಅಥವಾ ಅವಳು, ನಾವು, ನೀವು, ಅವರು ಎಂಬ ಕ್ರಮದಲ್ಲಿ ರೂಪಗಳು ಹೀಗೆ ಬರುತ್ತವೆ: ಕಂತೊ, ಕಂತಿ, ಕಂತ, ಕಂತಿಯಾಮೊ, ಕಂತಾತೆ, ಕಂತನೊ. ಎರಡನೆಯ ಗಣದಲ್ಲಿ ವೆಂದೊ, ವೆಂದಿ, ವೆಂದೆ, ವೆಂದಿಯಾಮೊ, ವೆಂದೇತೆ, ವೆಂದೊನೊ. ಮೂರನೆಯದು ಎರಡನೆಯದರಂತೆಯೇ, ‘ನೀವು’ ರೂಪ ಮಾತ್ರ ‘ದೊರ್ಮೀತೆ’. ‘ನಾನು’, ‘ನೀನು’, ‘ನಾವು’ ರೂಪಗಳ ಪ್ರತ್ಯಯಗಳು ಮೂರು ಗಣಗಳಿಗೂ ಒಂದೇ ಎಂಬುದು ಕಣ್ಣಿಗೆ ಬಿದ್ದಿದ್ದರೆ ಅರ್ಧ ಕೆಲಸ ಮುಗಿದಿದೆ.

ಇನ್ನು ಒತ್ತಿನ ವಿಷಯ. ‘ನಾವು’ ಮತ್ತು ‘ನೀವು’ ರೂಪಗಳಲ್ಲಿ ಒತ್ತು ಪ್ರತ್ಯಯಕ್ಕೆ ಹೋಗುತ್ತದೆ, ಉಳಿದ ನಾಲ್ಕರಲ್ಲಿ ಧಾತುವಿನ ಮೇಲೆಯೇ ನಿಲ್ಲುತ್ತದೆ. ‘ಅವರು’ ರೂಪ ಮೂರು ಉಚ್ಚಾರಾಂಶಗಳಿಗೆ ಬೆಳೆದರೂ ಒತ್ತು ಹಿಂದಕ್ಕೇ ಉಳಿಯುತ್ತದೆ. ವಾಸಿಸುವುದು ಎಂಬ ಅರ್ಥದ ‘ಅಬಿತಾರೆ’ಯಿಂದ ‘ಆಬಿತನೊ’ ಆಗುತ್ತದೆ. ನಾನು ಬಹಳ ದಿನ ಅದನ್ನು ‘ಅಬಿತಾನೊ’ ಎಂದೇ ಹೇಳುತ್ತಿದ್ದೆ. ಕೇಳಿದವರಿಗೆ ಅರ್ಥವೇನೋ ಆಗುತ್ತಿತ್ತು, ಆದರೆ ಪ್ರತಿ ಸಲವೂ ಅವರ ಹುಬ್ಬು ಸ್ವಲ್ಪ ಮೇಲೇರುತ್ತಿತ್ತು.

ಈ ನಾಲ್ಕು ಮತ್ತು ಎರಡರ ವಿಂಗಡಣೆ ಮನಸ್ಸಿಗೆ ಹತ್ತಿದರೆ ಮೂರನೆಯ ಗಣದ ದೊಡ್ಡ ತೊಡಕು ತಾನಾಗಿ ಬಿಡಿಸಿಕೊಳ್ಳುತ್ತದೆ. ಅರ್ಥಮಾಡಿಕೊಳ್ಳುವುದು ಎಂಬ ಅರ್ಥದ ‘ಕಪೀರೆ’ಯ ವರ್ತಮಾನ ರೂಪಗಳು ಕಪಿಸ್ಕೊ, ಕಪಿಶ್ಶಿ, ಕಪಿಶ್ಶೆ, ಕಪಿಯಾಮೊ, ಕಪೀತೆ, ಕಪಿಸ್ಕೊನೊ ಎಂದಾಗುತ್ತವೆ. ಧಾತುವಿಗೂ ಪ್ರತ್ಯಯಕ್ಕೂ ನಡುವೆ ‘ಇಸ್ಕ್’ ಎಂಬ ಆಗಮ ನುಸುಳಿದೆ, ಅದೂ ಒತ್ತು ಪ್ರತ್ಯಯಕ್ಕೆ ಹೋಗದ ಆ ನಾಲ್ಕೇ ರೂಪಗಳಲ್ಲಿ. ಅಲ್ಲಿ ಒತ್ತನ್ನು ಧಾತುವಿನ ಬದಲು ಈ ಆಗಮವೇ ಹೊರುತ್ತದೆ. ಬೆನ್ನಿಗೆ ‘ಇ’ ಅಥವಾ ‘ಎ’ ಬಂದಾಗ ಅದು ‘ಇಶ್ಶ್’ ಎಂದು ಮೆದುವಾಗುತ್ತದೆ. ಯಾವ ಧಾತುವಿಗೆ ಆಗಮ ಬೇಕು, ಯಾವುದಕ್ಕೆ ಬೇಡ ಎಂಬುದಕ್ಕೆ ಒಂದು ಒರೆಗಲ್ಲಿದೆ. ‘ಈರೆ’ಯ ಹಿಂದೆ ಎರಡು ವ್ಯಂಜನಗಳು ಕೂಡಿದ್ದರೆ, ಅಂದರೆ ದೊರ್ಮೀರೆ, ಪರ್ತೀರೆ, ಸೆಂತೀರೆಗಳಂತಿದ್ದರೆ, ಆಗಮ ಸಾಮಾನ್ಯವಾಗಿ ಬರುವುದಿಲ್ಲ, ಕಪೀರೆ, ಫಿನೀರೆ, ಪುಲೀರೆಗಳಂತೆ ಒಂದೇ ವ್ಯಂಜನವಿದ್ದರೆ ಸಾಮಾನ್ಯವಾಗಿ ಬರುತ್ತದೆ. ಪೋಷಿಸುವುದು ಎಂಬ ಅರ್ಥದ ‘ನುತ್ರೀರೆ’ಯಂತಹ ಕೆಲವು ‘ನುತ್ರೊ’ ಎಂದೂ ‘ನುತ್ರಿಸ್ಕೊ’ ಎಂದೂ ಎರಡು ಬಗೆಯಲ್ಲಿ ನಡೆಯುತ್ತವೆ, ಆದ್ದರಿಂದ ಹೊಸ ಧಾತು ಕಂಡಾಗ ಒಮ್ಮೆ ನಿಘಂಟು ತೆರೆಯುವುದು ಕ್ಷೇಮ.

ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿಯುವವರಿಗೆ ಕಾಣದೆ ಹೋಗುವ ಸಂಗತಿಯೊಂದಿದೆ. ಹುಡುಕುವುದು ಎಂಬ ‘ಚೆರ್ಕಾರೆ’ಯ ‘ನೀನು’ ರೂಪ ‘ಚೆರ್ಕಿ’. ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಆದರೆ ಇಟಾಲಿಯನ್ ಕಾಗುಣಿತದಲ್ಲಿ ‘ಕ’ದ ಅಕ್ಷರ ಬೆನ್ನಿಗೆ ‘ಇ’ ಅಥವಾ ‘ಎ’ ಬಂದಾಗ ‘ಚ’ ಆಗಿಬಿಡುತ್ತದೆ. ಅದನ್ನು ತಡೆಯಲು ನಡುವೆ ಉಚ್ಚಾರಣೆಯಿಲ್ಲದ ಒಂದು ಅಕ್ಷರವನ್ನು ಸೇರಿಸಬೇಕು. ಆ ಮೂಕ ಅಕ್ಷರಕ್ಕೆ ಇಟಾಲಿಯನ್ನಿನಲ್ಲಿರುವ ಹೆಸರು ‘ಅಕ್ಕ’. ಪೋರ್ಚುಗೀಸರಿಂದ ನಮಗೆ ಬಂದ ‘ಪಗಾರ’ ಎಂಬ ಪದದ ದಾಯಾದಿಯಾದ ‘ಪಗಾರೆ’, ಎಂದರೆ ಹಣ ಕೊಡುವುದು, ಇದಕ್ಕೂ ಅದೇ ನಿಯಮ. ಒಟ್ಟಿನಲ್ಲಿ ಧ್ವನಿ ಕೆಡಬಾರದು, ಅದಕ್ಕಾಗಿ ಅಕ್ಷರ ಬದಲಾಗುತ್ತದೆ.

ಹಿಂದೆ ನಡೆಯುತ್ತಿದ್ದುದನ್ನು ಹೇಳುವ ‘ಇಂಪೆರ್ಫೆತ್ತೊ’ ಎಲ್ಲಕ್ಕಿಂತ ಸಲೀಸು. ಗಣದ ಸ್ವರವನ್ನು ಉಳಿಸಿಕೊಂಡು ‘ವ’ಕಾರದ ಪ್ರತ್ಯಯ ಹಚ್ಚಿದರಾಯಿತು: ಕಂತಾವೊ, ಕಂತಾವಿ, ಕಂತಾವ, ಕಂತವಾಮೊ, ಕಂತವಾತೆ, ಕಂತಾವನೊ. ಉಳಿದ ಗಣಗಳಲ್ಲಿ ವೆಂದೇವೊ, ದೊರ್ಮೀವೊ, ಕಪೀವೊ. ಆಗಮದ ಗೊಡವೆ ಇಲ್ಲಿಲ್ಲ.

ಭವಿಷ್ಯತ್ತು ಮತ್ತು ಕೊಂದಿತ್ಸಿಯೊನಾಲೆಗಳನ್ನು ಒಟ್ಟಿಗೇ ಕಲಿಯಬೇಕು, ಏಕೆಂದರೆ ಎರಡೂ ಒಂದೇ ಬುಡದಿಂದ ಬೆಳೆದವು. ಭಾವರೂಪದ ಕೊನೆಯ ‘ಎ’ಕಾರವನ್ನು ತೆಗೆದು, ಮೊದಲನೆಯ ಗಣದಲ್ಲಿ ‘ಅ’ವನ್ನು ‘ಎ’ ಮಾಡಿದರೆ ಕಂತೆರ್, ವೆಂದೆರ್, ದೊರ್ಮಿರ್ ಎಂಬ ಅಂಗಗಳು ಸಿಗುತ್ತವೆ. ಇವುಗಳಿಗೆ ಹತ್ತುವ ಬಾಲಗಳು ಎಲ್ಲಿಂದ ಬಂದವೆಂದು ತಿಳಿದರೆ ಮರೆಯುವುದು ಕಷ್ಟ. ಭವಿಷ್ಯತ್ತಿನ ಪ್ರತ್ಯಯಗಳು ಮೂಲದಲ್ಲಿ ‘ಹೊಂದಿರು’ ಎಂಬ ಅರ್ಥದ ‘ಅವೇರೆ’ಯ ವರ್ತಮಾನ ರೂಪಗಳು: ಓ, ಆಯಿ, ಆ, ಅನ್ನೊ ಎಂಬವು ಭಾವರೂಪದ ಬೆನ್ನಿಗೆ ಅಂಟಿಕೊಂಡು ಕಂತೆರೋ, ಕಂತೆರಾಯಿ, ಕಂತೆರಾ, ಕಂತೆರನ್ನೊ ಆದವು; ನಡುವಿನವು ಕಂತೆರೇಮೊ, ಕಂತೆರೇತೆ. ಕೊಂದಿತ್ಸಿಯೊನಾಲೆಗೆ ಅಂಟಿಕೊಂಡದ್ದು ಅದೇ ಕ್ರಿಯಾಪದದ ಭೂತಕಾಲ. ಅವನಿಗಿತ್ತು ಎನ್ನಲು ‘ಎಬ್ಬೆ’, ಅವರಿಗಿತ್ತು ಎನ್ನಲು ‘ಎಬ್ಬೆರೊ’. ಅಲ್ಲಿಂದಲೇ ಕಂತೆರೆಬ್ಬೆ, ಕಂತೆರೆಬ್ಬೆರೊ. ಉಳಿದವು ಕಂತೆರೇಯಿ, ಕಂತೆರೆಸ್ತಿ, ಕಂತೆರೆಮ್ಮೊ, ಕಂತೆರೆಸ್ತೆ.

ಈಗ ‘ಕಂತೆರೇಮೊ’ ಮತ್ತು ‘ಕಂತೆರೆಮ್ಮೊ’ ಎರಡನ್ನೂ ಜೋರಾಗಿ ಹೇಳಿ ನೋಡಿ. ಮೊದಲನೆಯದು ‘ಹಾಡುವೆವು’ ಎಂಬ ಭರವಸೆ, ಎರಡನೆಯದು ‘ಹಾಡುತ್ತಿದ್ದೆವು, ಆದರೆ’ ಎಂಬ ಹಿಂಜರಿಕೆ. ದ್ವಿತ್ವವಿಲ್ಲದ ಭಾಷೆಗಳಿಂದ ಬಂದವರು ಈ ಒಂದು ಮಕಾರಕ್ಕಾಗಿ ತಿಂಗಳುಗಟ್ಟಲೆ ಹೆಣಗುತ್ತಾರೆ. ಹಾಲು, ಹಲ್ಲುಗಳನ್ನು ಬೇರೆಬೇರೆಯಾಗಿ ಉಚ್ಚರಿಸುವ ನಮಗೆ ಇದು ಕಷ್ಟವಾಗಬಾರದು.

ವರ್ತಮಾನ ಕೊಂಜುಂತೀವೊವನ್ನು ಕಟ್ಟಲು ಸ್ವರಗಳನ್ನು ಅದಲುಬದಲು ಮಾಡಿ. ‘ಅ’ಕಾರದ ಮೊದಲ ಗಣ ‘ಇ’ ಪಡೆಯುತ್ತದೆ, ಮಿಕ್ಕವು ‘ಅ’ ಪಡೆಯುತ್ತವೆ. ನಾನು, ನೀನು, ಅವನು ಮೂವರಿಗೂ ಒಂದೇ ರೂಪ: ಕಂತಿ, ವೆಂದ, ದೊರ್ಮ, ಕಪಿಸ್ಕ. ‘ನಾವು’ ರೂಪ ನಿಶ್ಚಯಾರ್ಥದ್ದೇ. ‘ನೀವು’ ರೂಪ ಕಂತಿಯಾತೆ, ವೆಂದಿಯಾತೆ. ‘ಅವರು’ ರೂಪ ಕಂತಿನೊ, ವೆಂದನೊ. ಮೂರು ರೂಪಗಳು ಒಂದೇ ಆಗಿರುವುದರಿಂದ ಇಲ್ಲಿ ಸರ್ವನಾಮವನ್ನು ಆಗಾಗ ಬಾಯಿಬಿಟ್ಟು ಹೇಳಬೇಕಾಗುತ್ತದೆ: ‘ಕ್ರೇದೊ ಕೆ ಲೂಯಿ ಕಂತಿ’, ಅಂದರೆ ‘ಅವನು ಹಾಡುತ್ತಾನೆಂದುಕೊಂಡಿದ್ದೇನೆ’.

ವಿಧ್ಯರ್ಥಕ್ಕೆ ಹೊಸ ರೂಪಗಳೇ ಬೇಡ. ನೀನು ಎನ್ನುವವನಿಗೆ ‘ಕಂತ’, ‘ವೆಂದಿ’, ‘ದೊರ್ಮಿ’ ಎಂದರೆ ಸಾಕು. ಮೊದಲ ಗಣದಲ್ಲಿ ಪ್ರತ್ಯಯ ‘ಅ’ ಎಂಬುದಷ್ಟೇ ನೆನಪಿರಲಿ. ಗೌರವದಿಂದ ಒಬ್ಬರನ್ನು ಕರೆಯುವ ‘ಲೇಯಿ’ ಮೂಲತಃ ‘ಅವಳು’ ಎಂಬ ಪ್ರಥಮ ಪುರುಷದ ಪದವಾದ್ದರಿಂದ ಅದಕ್ಕೆ ಕೊಂಜುಂತೀವೊದ ‘ಕಂತಿ’, ‘ವೆಂದ’ಗಳನ್ನೇ ಬಳಸುತ್ತಾರೆ. ನೀನು ಎನ್ನುವವನಿಗೆ ಬೇಡವೆನ್ನಲು ಭಾವರೂಪದ ಹಿಂದೆ ‘ನೊನ್’ ಇಡಬೇಕು: ‘ನೊನ್ ಕಂತಾರೆ’. ನಾವು ‘ಹಾಡಬೇಡ’ ಎನ್ನುವಾಗಲೂ ಭಾವರೂಪವಾದ ‘ಹಾಡ’ಕ್ಕೇ ‘ಬೇಡ’ವನ್ನು ಸೇರಿಸುತ್ತೇವಲ್ಲವೇ?

ಕೊಂಜುಂತೀವೊದ ಭೂತಕಾಲಕ್ಕೆ ‘ಸ್ಸ’ ಎಂಬ ದ್ವಿತ್ವವೇ ಗುರುತು: ಕಂತಸ್ಸಿ, ಕಂತಸ್ಸಿ, ಕಂತಸ್ಸೆ, ಕಂತಸ್ಸಿಮೊ, ಕಂತಸ್ತೆ, ಕಂತಸ್ಸೆರೊ. ಇದರ ಮುಖ್ಯ ಕೆಲಸ ‘ಸೆ’ ಎಂಬ ‘ಒಂದು ವೇಳೆ’ಯ ಜೊತೆಗೆ. ‘ಸೆ ಕಪಿಸ್ಸಿ, ಕಂತೆರೇಯಿ’ ಎಂದರೆ ‘ನನಗೆ ಅರ್ಥವಾಗುತ್ತಿದ್ದರೆ ಹಾಡುತ್ತಿದ್ದೆ’. ಷರತ್ತಿನ ಭಾಗಕ್ಕೆ ಕೊಂಜುಂತೀವೊ, ಫಲದ ಭಾಗಕ್ಕೆ ಕೊಂದಿತ್ಸಿಯೊನಾಲೆ. ಹೆಸರು ನೋಡಿ ಷರತ್ತಿಗೇ ಕೊಂದಿತ್ಸಿಯೊನಾಲೆ ಹಾಕುವುದು ಸರ್ವೇಸಾಮಾನ್ಯ ತಪ್ಪು. ‘ಕಪಿಸ್ಸಿ’ಯನ್ನು ‘ಕಪಿಶ್ಶಿ’ ಮಾಡದಂತೆಯೂ ನಾಲಗೆಯನ್ನು ಕಾಯ್ದುಕೊಳ್ಳಿ, ಅದು ‘ನಿನಗೆ ಅರ್ಥವಾಗುತ್ತದೆ’ ಎಂದಾಗಿಬಿಡುತ್ತದೆ.

ಮುಗಿದ ಕೆಲಸವನ್ನು ಹೇಳಲು ಎರಡು ದಾರಿಗಳಿವೆ. ಒಂದೇ ಪದದ ‘ಪಸ್ಸಾತೊ ರೆಮೋತೊ’ದ ರೂಪಗಳು ಕಂತಾಯಿ, ಕಂತಸ್ತಿ, ಕಂತೋ, ಕಂತಮ್ಮೊ, ಕಂತಸ್ತೆ, ಕಂತಾರೊನೊ. ಕಥೆ, ಇತಿಹಾಸಗಳ ಬರವಣಿಗೆಯಲ್ಲಿ ಇದು ಧಾರಾಳ. ಮಧ್ಯ ಇಟಲಿಯ ತೊಸ್ಕಾನಾ ಪ್ರಾಂತದಲ್ಲೂ ದಕ್ಷಿಣ ಇಟಲಿಯಲ್ಲೂ ಮಾತಿನಲ್ಲಿ ಜೀವಂತವಾಗಿದೆ, ಉತ್ತರದ ಆಡುಮಾತಿನಲ್ಲಿ ಅಪರೂಪ. ‘ಕಂತೊ’ ಎಂದರೆ ‘ಹಾಡುತ್ತೇನೆ’, ‘ಕಂತೋ’ ಎಂದರೆ ‘ಹಾಡಿದನು’ ಎಂಬುದನ್ನು ಗುರುತಿಸುವಷ್ಟು ಇದನ್ನು ಕಲಿತರೆ ಮೊದಲ ವರ್ಷಕ್ಕೆ ಸಾಕು.

ದಿನಬಳಕೆಗೆ ಬೇಕಾದದ್ದು ಎರಡು ಪದಗಳ ‘ಪಸ್ಸಾತೊ ಪ್ರೊಸ್ಸಿಮೊ’. ಧಾತುವಿನಿಂದ ಕಂತಾತೊ, ವೆಂದೂತೊ, ದೊರ್ಮೀತೊ ಎಂಬ ಕೃದಂತಗಳನ್ನು ಮಾಡಿಕೊಂಡು ಹಿಂದೆ ಅವೇರೆಯನ್ನು ನಿಲ್ಲಿಸಿ: ‘ಓ ಕಂತಾತೊ’, ಹಾಡಿದ್ದೇನೆ. ‘ಹಾಡಿದ್ದೇನೆ’, ‘ಹಾಡಿದ್ದೆ’, ‘ಹಾಡಿರುತ್ತೇನೆ’ ಎನ್ನುವಾಗ ನಾವು ‘ಇರು’ವನ್ನಷ್ಟೇ ಬದಲಿಸುವಂತೆ ಇಲ್ಲಿಯೂ ಸಹಾಯಕ ಕ್ರಿಯಾಪದವನ್ನು ಬದಲಿಸುತ್ತ ಹೋದರೆ ಎಲ್ಲ ಸಂಯುಕ್ತ ಕಾಲಗಳೂ ಸಿದ್ಧ: ಅವೇವೊ ಕಂತಾತೊ, ಅವ್ರೋ ಕಂತಾತೊ, ಅವ್ರೇಯಿ ಕಂತಾತೊ, ಅಬ್ಬಿಯ ಕಂತಾತೊ, ಅವೆಸ್ಸಿ ಕಂತಾತೊ. ಬರುವುದು, ಹೋಗುವುದು, ತಲುಪುವುದು ಮುಂತಾದ ಕೆಲವು ಅಕರ್ಮಕಗಳಿಗೆ ಅವೇರೆಯ ಬದಲು ‘ಇರು’ ಎಂಬ ಅರ್ಥದ ‘ಎಸ್ಸೆರೆ’ ಬರುತ್ತದೆ, ಆಗ ಕೃದಂತ ಕರ್ತೃವಿನ ಲಿಂಗ ವಚನಗಳನ್ನು ಅನುಸರಿಸುತ್ತದೆ. ‘ತಲುಪಿದ್ದೇನೆ’ ಎನ್ನುವಾಗ ಹೇಳುವವರು ಗಂಡೋ ಹೆಣ್ಣೋ ಎಂದು ಕನ್ನಡ ಕೇಳುವುದಿಲ್ಲ. ಇಟಾಲಿಯನ್ನಿನಲ್ಲಿ ಗಂಡಸು ‘ಸೋನೊ ಅರ್ರಿವಾತೊ’ ಎಂದರೆ ಹೆಂಗಸು ‘ಸೋನೊ ಅರ್ರಿವಾತ’ ಎನ್ನಬೇಕು.

ಅಭ್ಯಾಸಕ್ಕೆ ಕೋಷ್ಟಕವನ್ನು ಮೇಲಿನಿಂದ ಕೆಳಕ್ಕೆ ಓದುವುದಕ್ಕಿಂತ, ಹೊಸ ಧಾತು ಸಿಕ್ಕಾಗ ಅದರ ‘ನಾನು’ ರೂಪವನ್ನು ಎಲ್ಲ ಕಾಲಗಳಲ್ಲೂ ಒಂದೇ ಉಸಿರಿನಲ್ಲಿ ಕಟ್ಟುವುದು ಮೇಲು. ಕಳುಹಿಸುವುದು ಎಂಬ ‘ಸ್ಪೆದೀರೆ’ಯನ್ನು ಹಿಡಿಯಿರಿ. ಈರೆಯ ಹಿಂದೆ ಒಂಟಿ ವ್ಯಂಜನ, ಆದ್ದರಿಂದ ಆಗಮ ಬೇಕು: ಸ್ಪೆದಿಸ್ಕೊ. ಬಳಿಕ ಸ್ಪೆದೀವೊ, ಸ್ಪೆದಿರೋ, ಸ್ಪೆದಿರೇಯಿ. ಕೊಂಜುಂತೀವೊದಲ್ಲಿ ಸ್ಪೆದಿಸ್ಕ, ಸ್ಪೆದಿಸ್ಸಿ. ಮುಗಿದದ್ದಕ್ಕೆ ‘ಓ ಸ್ಪೆದೀತೊ’. ಎಲ್ಲಿಯಾದರೂ ತಡವರಿಸಿದರೆ ಆ ಒಂದು ಕಾಲದ ಆರೂ ರೂಪಗಳನ್ನು ಬರೆದು, ದೀರ್ಘವೂ ದ್ವಿತ್ವವೂ ಬಿದ್ದ ಜಾಗಗಳಿಗೆ ಗೆರೆ ಎಳೆದು, ಮತ್ತೊಮ್ಮೆ ಗಟ್ಟಿಯಾಗಿ ಓದಿ.