ಏರ್‌ಬ್ಯಾಗ್ ಲೈಟ್ ಹತ್ತಬೇಕು, ಆಮೇಲೆ ಆರಬೇಕು: ಬೆಲ್ಟು, ಬ್ಯಾಗು ನೋಡಿಕೊಳ್ಳುವುದು ಹೇಗೆ?

ಹೋದ ಬೇಸಿಗೆಯಲ್ಲಿ ನಮ್ಮ ಭಾವ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡರು. ಹುಣ್ಣಿಮೆ ದಿನ ಕೊಪ್ಪಳದಿಂದ ಎಲ್ಲರೂ ಸೇರಿ ಹುಲಿಗೆಮ್ಮನ ದರ್ಶನಕ್ಕೆ ಹೊರಟಿದ್ದೆವು. ಕೀ ತಿರುಗಿಸಿದ ಕೂಡಲೇ ಮೀಟರಿನಲ್ಲಿ ಆಯಿಲ್ ಲೈಟು, ಬ್ಯಾಟರಿ ಲೈಟು, ಇಂಜಿನ್ ಲೈಟು ಎಲ್ಲ ಹತ್ತಿದವು. ಏರ್‌ಬ್ಯಾಗ್ ಲೈಟು ಮಾತ್ರ ಹತ್ತಲೇ ಇಲ್ಲ. ಎರಡು ಸಲ ಆಫ್ ಮಾಡಿಸಿ ಆನ್ ಮಾಡಿಸಿದೆ, ಆಗಲೂ ಇಲ್ಲ.

"ಲೈಟ್ ಬರವಲ್ದು ಅಂದ್ರ ಛಲೋನ ಅಲ್ಲೇನು, ಪ್ರಾಬ್ಲಂ ಇಲ್ಲ ಅಂತ ಅರ್ಥ" ಅಂದರು ಭಾವ.

"ಹಂಗಲ್ರೀ ಭಾವ, ಅದು ಒಮ್ಮೆ ಹತ್ತಿ ಆರಬೇಕು" ಅಂದೆ.

ಆ ದಿನ ಬಸ್ಸಿನಲ್ಲೇ ಹುಲಿಗಿಗೆ ಹೋದೆವು. ಮರುದಿನ ಗ್ಯಾರೇಜಿನಲ್ಲಿ ಮೀಟರ್ ಬಿಚ್ಚಿಸಿದಾಗ ಆ ಲೈಟಿನ ಮೇಲೆ ಉಗುರಿನಷ್ಟು ಕಪ್ಪು ಟೇಪ್ ಅಂಟಿಸಿದ್ದು ಸಿಕ್ಕಿತು. ಮೆಕ್ಯಾನಿಕ್ ಸ್ಟೀರಿಂಗಿನ ನಡುವಿನ ಕವರ್ ತೆಗೆದರೆ ಒಳಗೆ ಬ್ಯಾಗೇ ಇಲ್ಲ. ಹಿಂದೆ ಯಾವಾಗಲೋ ಅಪಘಾತದಲ್ಲಿ ಬಿಚ್ಚಿಕೊಂಡ ಬ್ಯಾಗನ್ನು ಕತ್ತರಿಸಿ ಎಸೆದು, ಮೇಲೆ ಹೊಸ ಕವರ್ ಕೂರಿಸಿ ಮಾರಿದ್ದರು. ಹಿಂದಿನ ದಿನ ಅದೇ ಕಾರಿನ ಮುಂದಿನ ಸೀಟಿನಲ್ಲಿ ನಮ್ಮ ಅಕ್ಕ ನಾಲ್ಕು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತಿದ್ದಳು. ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬೆಲ್ಟನ್ನು ಬಹುಪಾಲು ನಾವೇ ಮನೆಯಲ್ಲಿ ಪರೀಕ್ಷಿಸಬಹುದು, ತೊಳೆಯಬಹುದು. ಏರ್‌ಬ್ಯಾಗನ್ನು ಕಣ್ಣಿನಿಂದ ನೋಡಬಹುದು ಅಷ್ಟೇ, ಕೈ ಹಾಕಬಾರದು. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಅರ್ಧ ಗಂಟೆ ಕೊಟ್ಟರೆ ಸಾಕು.

ಎರಡೂ ಸೇರಿ ಕೆಲಸ ಮಾಡುತ್ತವೆ

ಇಂದು ಎಲ್ಲ ಕಾರಿನಲ್ಲಿರುವ, ಸೊಂಟ ಮತ್ತು ಎದೆ ಎರಡನ್ನೂ ಹಿಡಿಯುವ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಯ ಇಂಜಿನಿಯರ್ ನಿಲ್ಸ್ ಬೋಲಿನ್ ತಂದರು. ಬೇರೆ ಕಂಪನಿಗಳೂ ಬಳಸಲಿ ಎಂದು ವೋಲ್ವೋ ಅದರ ಪೇಟೆಂಟನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಏರ್‌ಬ್ಯಾಗ್ ಬಂದದ್ದು ಇದಾದ ಎಷ್ಟೋ ವರ್ಷಗಳ ಮೇಲೆ, ಅದೂ ಬೆಲ್ಟಿಗೆ ಜೊತೆಗಾರನಾಗಿ. ಸ್ಟೀರಿಂಗಿನ ಮೇಲೆ ಎಸ್‌ಆರ್‌ಎಸ್ ಎಂದು ಬರೆದಿರುತ್ತದೆ ಅಲ್ವಾ, ಅದರ ಮೊದಲ ಅಕ್ಷರದ ಅರ್ಥವೇ 'ಪೂರಕ'.

ಡಿಕ್ಕಿ ಹೊಡೆದ ಕ್ಷಣ ಏನಾಗುತ್ತದೆ ನೋಡಿ. ಕಾರಿನ ವೇಗ ದಿಢೀರ್ ಇಳಿದದ್ದನ್ನು ಸೆನ್ಸರ್ ಗುರುತಿಸುತ್ತದೆ. ಬೆಲ್ಟಿನ ಸುರುಳಿಯಲ್ಲಿರುವ ಪ್ರಿಟೆನ್ಷನರ್ ಒಂದು ಸಣ್ಣ ಮದ್ದು ಸಿಡಿಸಿ ಬೆಲ್ಟನ್ನು ಹಿಂದಕ್ಕೆಳೆದು ಮೈಗೆ ಬಿಗಿಯಾಗಿ ಹಿಡಿಸುತ್ತದೆ. ಅದೇ ಹೊತ್ತಿಗೆ ಬ್ಯಾಗಿನ ಹಿಂದಿರುವ ರಾಸಾಯನಿಕ ಹೊತ್ತಿ, ಗಾಳಿ ತುಂಬಿ, ಬ್ಯಾಗ್ ಗಂಟೆಗೆ 200 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಹೊರಗೆ ಬರುತ್ತದೆ. ಇಷ್ಟೆಲ್ಲ ನಾವು ಒಮ್ಮೆ ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ಬೆಲ್ಟ್ ಹಾಕದವನು ಆ ಹೊತ್ತಿಗೆ ಮುಂದಕ್ಕೆ ಜಾರಿ ಸ್ಟೀರಿಂಗಿನ ಹತ್ತಿರ ಬಂದಿರುತ್ತಾನೆ. ಇನ್ನೂ ಉಬ್ಬುತ್ತಿರುವ ಬ್ಯಾಗು ಅವನ ಮುಖಕ್ಕೆ, ಎದೆಗೆ ಗುದ್ದುತ್ತದೆ. "ನಮ್ ಕಾರಿನಾಗ ಏರ್‌ಬ್ಯಾಗ್ ಐತಿ, ಬೆಲ್ಟ್ ಯಾಕ" ಎನ್ನುವವರಿಗೆ ಇದನ್ನು ಬಿಡಿಸಿ ಹೇಳಿ.

ಮೊದಲು ಲೈಟು ನೋಡಿ

ಸ್ಟಾರ್ಟ್ ಮಾಡಬೇಡಿ, ಕೀಯನ್ನು ಆನ್‌ಗೆ ಮಾತ್ರ ತಿರುಗಿಸಿ. ಕೂತ ಮನುಷ್ಯನ ಮುಂದೆ ಒಂದು ದುಂಡನೆ ಚೆಂಡು ಇರುವ ಚಿತ್ರ ಹತ್ತಬೇಕು. ಕೆಲವು ಸೆಕೆಂಡಿನಲ್ಲಿ ತಾನೇ ಆರಬೇಕು. ಆರದೆ ಉಳಿದರೆ, ಮಿಣುಕಿದರೆ, ಅಥವಾ ಓಡಿಸುವಾಗ ಮತ್ತೆ ಹತ್ತಿದರೆ ಎಲ್ಲೋ ದೋಷವಿದೆ. ಆಗ ಅಪಘಾತವಾದರೂ ಬ್ಯಾಗ್ ಬಿಚ್ಚಿಕೊಳ್ಳದೇ ಇರಬಹುದು. ಹತ್ತದೇ ಇದ್ದರೆ ಅದೂ ಅಷ್ಟೇ ಕೆಟ್ಟದ್ದು. ದೋಷ ಮುಚ್ಚಿಡಲು ಕೆಲವರು ಈ ಲೈಟಿನ ವೈರನ್ನು ಬೇರೆ ಲೈಟಿಗೆ ಜೋಡಿಸಿಬಿಡುತ್ತಾರೆ. ಆಯಿಲ್ ಲೈಟೋ ಬ್ಯಾಟರಿ ಲೈಟೋ ಹತ್ತಿ ಆರುವ ಹೊತ್ತಿಗೇ ಸರಿಯಾಗಿ ಇದೂ ಹತ್ತಿ ಆರುತ್ತಿದ್ದರೆ ಅನುಮಾನ ಪಡಿ, ಗ್ಯಾರೇಜಿನಲ್ಲಿ ದೋಷ ಓದುವ ಸ್ಕ್ಯಾನರ್ ಹಾಕಿಸಿ.

ಲೈಟ್ ಆರದಿದ್ದರೆ ಬ್ಯಾಗೇ ಹೋಯಿತು ಅಂತ ಗಾಬರಿಯಾಗಬೇಡಿ. ಎಷ್ಟೋ ಸಲ ಕಾರಣ ಸೀಟಿನ ಕೆಳಗೇ ಇರುತ್ತದೆ. ಅಲ್ಲಿ ಏರ್‌ಬ್ಯಾಗ್ ವ್ಯವಸ್ಥೆಯ ವೈರು ಜೋಡಿಸುವ ಹಳದಿ ಬಣ್ಣದ ಕನೆಕ್ಟರ್ ಇರುತ್ತದೆ. ನೀರಿನ ಬಾಟಲಿ ಉರುಳಿ ಅದಕ್ಕೆ ಬಡಿದಿರಬಹುದು, ಸೀಟು ಹಿಂದೆ ಮುಂದೆ ಸರಿಸುವಾಗ ವೈರ್ ಎಳೆದಿರಬಹುದು, ಇಲಿ ಕಡಿದಿರಬಹುದು. ಗಂಗಾವತಿ, ಸಿಂಧನೂರು ಕಡೆ ಭತ್ತದ ಚೀಲ ಇಡುವ ಜಾಗದ ಪಕ್ಕ ಕಾರು ನಿಲ್ಲಿಸುವವರು ಈ ಇಲಿ ಕಾಟವನ್ನು ಬಲ್ಲರು. ಲೈಟ್ ಹತ್ತುವುದರ ಜೊತೆಗೆ ಹಾರ್ನ್ ಕೂಡ ಬಿಟ್ಟು ಬಿಟ್ಟು ಬರುತ್ತಿದ್ದರೆ ಸ್ಟೀರಿಂಗಿನ ಕೆಳಗಿನ ಕ್ಲಾಕ್ ಸ್ಪ್ರಿಂಗ್ ತುಂಡಾಗಿರುವ ಸಾಧ್ಯತೆ ಜಾಸ್ತಿ. ಸ್ಟೀರಿಂಗ್ ತಿರುಗಿದಂತೆ ಸುತ್ತಿ ಬಿಚ್ಚುವ ಚಪ್ಪಟೆ ವೈರಿನ ಸುರುಳಿ ಅದು. ಹಾರ್ನಿಗೂ ಬ್ಯಾಗಿಗೂ ಕರೆಂಟ್ ಅದರಲ್ಲೇ ಹೋಗುತ್ತದೆ.

ನೀವೇನೂ ಕೀಳಬೇಡಿ. ಸೀಟಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ, ಕಂಡದ್ದನ್ನು ಮೆಕ್ಯಾನಿಕ್‌ಗೆ ಹೇಳಿ.

ಈಗ ಬೆಲ್ಟು

ಬೆಲ್ಟನ್ನು ನಿಧಾನವಾಗಿ ಕೊನೆಯವರೆಗೂ ಎಳೆಯಿರಿ. ಎರಡೂ ಅಂಚಿನ ಮೇಲೆ ಬೆರಳಾಡಿಸಿ. ನೂಲು ಎದ್ದಿದೆಯೇ, ಬಾಗಿಲಿಗೆ ಸಿಕ್ಕಿ ಕಚ್ಚಿದೆಯೇ, ಬೀಡಿ ಸಿಗರೇಟಿನ ತೂತಿದೆಯೇ, ಅಲೆಅಲೆಯಾಗಿ ಸುಕ್ಕಾಗಿದೆಯೇ ನೋಡಿ. ಅಂಚು ಹರಿದ ಬೆಲ್ಟನ್ನು ಚಪ್ಪಲಿ ಹೊಲಿಯುವವರ ಹತ್ತಿರ ಹೊಲಿಸಿದ್ದನ್ನು ನಾನೇ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹರಿದ ಬೆಲ್ಟಿಗೆ ರಿಪೇರಿ ಇಲ್ಲ, ಇಡೀ ಸೆಟ್ ಬದಲಾಯಿಸಬೇಕು.

ಆಮೇಲೆ ಬೆಲ್ಟನ್ನು ಹಿಡಿದು ಫಟ್ ಅಂತ ಜಗ್ಗಿ. ಥಟ್ಟನೆ ಲಾಕ್ ಆಗಬೇಕು. ನಾಲ್ಕೈದು ಸಲ ಜಗ್ಗಿ, ಒಂದೇ ಒಂದು ಸಲ ಲಾಕ್ ತಪ್ಪಿದರೂ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಹಿಂದಿನ ಸೀಟಿನ ಬೆಲ್ಟುಗಳಿಗೂ ಇದೇ ಪರೀಕ್ಷೆ. ನಮ್ಮಲ್ಲಿ ಅವು ಸೀಟಿನ ಸಂದಿಯಲ್ಲಿ ಹೂತು, ಸೀಟ್ ಕವರಿನ ಕೆಳಗೆ ಮುಚ್ಚಿಹೋಗಿರುತ್ತವೆ. ಅಗೆದು ತೆಗೆಯಿರಿ. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಹತ್ತಿರ ಕಾರು ಅಪಘಾತದಲ್ಲಿ ತೀರಿಕೊಂಡಾಗ, ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದ್ದರು. ಹಿಂದೆ ಕೂತವರಿಗೂ ಬೆಲ್ಟ್ ಕಡ್ಡಾಯ, ಹಾಕದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ 1000 ರೂಪಾಯಿ ದಂಡ.

ಬಿಟ್ಟ ಬೆಲ್ಟ್ ತಾನೇ ಸರ್ರನೆ ಒಳಗೆ ಹೋಗಬೇಕು. ನಮ್ಮ ಕಡೆ ಹೆಚ್ಚಿನ ಕಾರುಗಳು ಸೋಲುವುದು ಇಲ್ಲೇ. ಬೆಲ್ಟ್ ಅರ್ಧಕ್ಕೆ ನಿಂತು ಜೋತು ಬೀಳುತ್ತದೆ, ಬಾಗಿಲಿಗೆ ಸಿಗುತ್ತದೆ, ಮೈಮೇಲೆ ಸಡಿಲವಾಗಿ ಕೂರುತ್ತದೆ. ಸ್ಪ್ರಿಂಗ್ ಹೋಯಿತು ಅಂದುಕೊಳ್ಳುತ್ತೇವೆ, ಆದರೆ ಎಷ್ಟೋ ಸಲ ಅದು ಬರೀ ಧೂಳು.

ಬಳ್ಳಾರಿಯ ಗೆಳೆಯನೊಬ್ಬ ಆರು ವರ್ಷದಿಂದ ದಿನಾ ತೋರಣಗಲ್ಲಿಗೆ ಕಾರಿನಲ್ಲಿ ಹೋಗಿಬರುತ್ತಾನೆ. ಅದಿರಿನ ಲಾರಿಗಳ ಹಿಂದೆಯೇ ದಾರಿ. ಅವನ ಬೆಲ್ಟ್ ಒಳಗೆ ಹೋಗುತ್ತಲೇ ಇರಲಿಲ್ಲ. ಭುಜದ ಮೇಲೆ ಕಂಬಕ್ಕೆ ಒಂದು ಬಳೆ ಇರುತ್ತದಲ್ಲ, ಬೆಲ್ಟ್ ಅದರೊಳಗಿಂದ ತೂರಿ ಬರುತ್ತದೆ. ಅಲ್ಲಿ ಟಾರ್ಚ್ ಹಿಡಿದು ನೋಡಿದೆವು. ಕೆಂಪು ಧೂಳು, ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಎಲ್ಲ ಕೂಡಿ ಬಳೆಯ ಒಳಮೈಗೆ ಕರಿಗೆಂಪು ಜಿಡ್ಡು ಮೆತ್ತಿಕೊಂಡಿತ್ತು, ಬೆರಳಿಟ್ಟರೆ ಅಂಟುತ್ತಿತ್ತು. ಹಳೆಯ ಎಟಿಎಂ ಕಾರ್ಡಿಗೆ ಒದ್ದೆ ಬಟ್ಟೆ ಸುತ್ತಿ, ಬಳೆಯೊಳಗೆ ತೂರಿಸಿ ಆಚೆ ಈಚೆ ಎಳೆದೆವು. ನಾಲ್ಕು ಸಲ ಬಟ್ಟೆ ಬದಲಿಸಿದ ಮೇಲೆ ಬಳೆಯ ಬಣ್ಣ ಕಂಡಿತು. ಅದೊಂದರಿಂದಲೇ ಬೆಲ್ಟ್ ಮುಕ್ಕಾಲು ಭಾಗ ತಾನೇ ಒಳಗೆ ಹೋಯಿತು.

ಉಳಿದ ಕಾಲು ಭಾಗಕ್ಕೆ ಬೆಲ್ಟ್ ತೊಳೆಯಬೇಕು. ಪೂರ್ತಿ ಎಳೆದು, ಮೇಲೆ ಬಳೆಯ ಹತ್ತಿರ ಬಟ್ಟೆಗೆ ಹಾಕುವ ಗಟ್ಟಿ ಕ್ಲಿಪ್ ಹಾಕಿ, ಇಲ್ಲದಿದ್ದರೆ ಒದ್ದೆ ಬೆಲ್ಟ್ ಜಾರಿ ಒಳಗೆ ಹೋಗುತ್ತದೆ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸೌಮ್ಯವಾದ ಸೋಪು ಕಲಸಿ, ಬಟ್ಟೆ ಅದ್ದಿ ಹಿಂಡಿ, ಉದ್ದಕ್ಕೂ ಒರೆಸಿ. ಗೆಳೆಯನ ಬೆಲ್ಟ್ ಒರೆಸಿದ ಬಕೆಟ್ ನೀರು ಕೆಮ್ಮಣ್ಣು ಕದಡಿದ ಹಾಗಾಗಿತ್ತು. ಬ್ಲೀಚ್, ಪೆಟ್ರೋಲ್, ಥಿನ್ನರ್, ಬಣ್ಣ ಇವೆಲ್ಲ ನೂಲನ್ನು ದುರ್ಬಲ ಮಾಡುತ್ತವೆ, ಹತ್ತಿರವೂ ತರಬೇಡಿ. ಬಾಗಿಲು ತೆರೆದಿಟ್ಟು ನೆರಳಿನಲ್ಲಿ ಪೂರ್ತಿ ಒಣಗಿಸಿ, ಆಮೇಲಷ್ಟೇ ಕ್ಲಿಪ್ ತೆಗೆಯಿರಿ. ಸುರುಳಿಯ ಕವರ್ ಬಿಚ್ಚಿ ಎಣ್ಣೆ ಬಿಡುವವರಿದ್ದಾರೆ, ಅದಂತೂ ಬೇಡವೇ ಬೇಡ. ಅಲ್ಲಿ ಮದ್ದಿದೆ, ಎಣ್ಣೆಗೆ ಇನ್ನಷ್ಟು ಧೂಳೂ ಹಿಡಿಯುತ್ತದೆ.

ಬಕಲ್ ಟಕ್ ಅಂತ ಕೂರಬೇಕು, ಗುಂಡಿ ಒತ್ತಿದರೆ ಬೆಲ್ಟಿನ ಲೋಹದ ನಾಲಗೆ ಹೊರಗೆ ಜಿಗಿಯಬೇಕು. ಚಹಾ ಚೆಲ್ಲಿದ್ದು, ಮಂಡಕ್ಕಿ ಪುಡಿ, ಒಂದು ರೂಪಾಯಿ ನಾಣ್ಯ ಎಲ್ಲ ಅದರೊಳಗೇ ಸೇರುತ್ತವೆ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ. ಹೊಡೆದ ಮೇಲೂ ಬಿಗಿಯಾಗಿದ್ದರೆ ಬಕಲ್ ಬದಲಾಯಿಸಿ. ಇನ್ನು ಬೀಪ್ ಸದ್ದು ನಿಲ್ಲಿಸಲು ಬಕಲಿಗೆ ಚುಚ್ಚುವ ಖಾಲಿ ಕ್ಲಿಪ್ ಸಿಗುತ್ತದಲ್ಲ, ಅದಿದ್ದರೆ ಈಗಲೇ ಕಿತ್ತು ಎಸೆಯಿರಿ. ಬೆಲ್ಟ್ ಹಾಕಿದ್ದಾರೆ ಅಂತ ಕಾರು ನಂಬಿಬಿಡುತ್ತದೆ, ಆ ನಂಬಿಕೆಯ ಮೇಲೇ ಬ್ಯಾಗ್ ಬಿಚ್ಚುವ ಲೆಕ್ಕ ಹಾಕುವ ಕಾರುಗಳೂ ಇವೆ. 2023ರಲ್ಲಿ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ಇದರ ಮಾರಾಟ ನಿಲ್ಲಿಸಲು ಆದೇಶ ಕೊಟ್ಟಿತ್ತು.

ಬ್ಯಾಗಿನ ದಾರಿ ಖಾಲಿ ಇರಲಿ

ಎಡಗಡೆ ಡ್ಯಾಶ್‌ಬೋರ್ಡಿನ ಮೇಲೆ ಏರ್‌ಬ್ಯಾಗ್ ಎಂದು ಅಚ್ಚೊತ್ತಿದ ಜಾಗ ಇರುತ್ತದೆ. ಅಲ್ಲೇ ನಾವು ಗಣಪ್ಪನನ್ನೋ, ಅಂಜನಾದ್ರಿಯಿಂದ ತಂದ ಹನುಮಪ್ಪನನ್ನೋ, ಮಂತ್ರಾಲಯದ ರಾಯರನ್ನೋ ಅಂಟಿಸುತ್ತೇವೆ. ಬ್ಯಾಗ್ ಬಿಚ್ಚಿದರೆ ಆ ಮೂರ್ತಿ ಎದುರು ಕೂತವರ ಮುಖಕ್ಕೆ ಕಲ್ಲಿನ ಹಾಗೆ ಬರುತ್ತದೆ. ದೇವರು ಕಾರಿನಲ್ಲಿ ಇರಲಿ, ಸಣ್ಣ ಸ್ಟಿಕ್ಕರ್ ರೂಪದಲ್ಲಿ ಬೇರೆ ಕಡೆ ಇರಲಿ. ಮೊಬೈಲ್ ಸ್ಟ್ಯಾಂಡಿಗೂ ಸೆಂಟಿನ ಬಾಟಲಿಗೂ ಇದೇ ಮಾತು.

ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂಬ ಚೀಟಿ ಇದ್ದರೆ ಆ ಕಡೆ ಪೂರ್ತಿ ಮುಚ್ಚುವ ದಪ್ಪ ಸೀಟ್ ಕವರ್ ಹಾಕಿಸಬೇಡಿ. ಅದಕ್ಕೆಂದೇ ಹೊಲಿಗೆ ಬಿಟ್ಟ ಕವರ್ ಸಿಗುತ್ತದೆ. ಮುಂದಿನ ಬಂಪರಿಗೆ ಕಬ್ಬಿಣದ ಗಾರ್ಡ್ ಇದ್ದರೆ ಬಿಚ್ಚಿಸಿ, ಅದು ಕಾನೂನಿಗೂ ವಿರುದ್ಧ. ಪೆಟ್ಟು ಸೆನ್ಸರಿಗೆ ತಲುಪುವ ರೀತಿಯನ್ನೇ ಅದು ಬದಲಿಸಿಬಿಡುತ್ತದೆ. ಓಡಿಸುವಾಗ ಎದೆಗೂ ಸ್ಟೀರಿಂಗಿಗೂ ನಡುವೆ ಕನಿಷ್ಠ 25 ಸೆಂಟಿಮೀಟರ್ ಅಂತರ ಇರಲಿ, ಸುಮಾರು ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ.

ಮಕ್ಕಳ ವಿಷಯವನ್ನು ಬಿಡಿಸಿ ಹೇಳುತ್ತೇನೆ. 50 ಕಿಲೋಮೀಟರ್ ವೇಗದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ ಪ್ರತಿ ವಸ್ತುವೂ ತನ್ನ ತೂಕದ ಸುಮಾರು 14 ಪಟ್ಟು ಬಲದಿಂದ ಮುಂದಕ್ಕೆ ಎಳೆಯುತ್ತದೆ. 10 ಕಿಲೋ ಮಗು ಆ ಕ್ಷಣದಲ್ಲಿ 140 ಕಿಲೋ. ಯಾವ ತಾಯಿಯ ಕೈಯಲ್ಲೂ ಅದನ್ನು ಹಿಡಿಯಲು ಆಗುವುದಿಲ್ಲ. ಮಗು ಹಿಂದೆ, ಮಕ್ಕಳಿಗೆಂದೇ ಇರುವ ಸೀಟಿನಲ್ಲಿ ಕೂರಲಿ. ಹಿಂದಕ್ಕೆ ಮುಖ ಮಾಡಿ ಕೂರಿಸುವ ಕೂಸಿನ ಸೀಟನ್ನು ಏರ್‌ಬ್ಯಾಗ್ ಆನ್ ಇರುವ ಮುಂದಿನ ಸೀಟಿನಲ್ಲಿ ಎಂದಿಗೂ ಇಡಬೇಡಿ. ಬಸುರಿಯರು ಸೊಂಟದ ಪಟ್ಟಿಯನ್ನು ಹೊಟ್ಟೆಯ ಕೆಳಗೆ, ತೊಡೆಯ ಮೇಲ್ಭಾಗಕ್ಕೆ ಬರುವಂತೆ ಹಾಕಿಕೊಳ್ಳಬೇಕು.

ಕೈ ಹಾಕಬಾರದ ಕಡೆ

ಹಳದಿ ವೈರು, ಹಳದಿ ಕನೆಕ್ಟರ್ ಕಂಡಲ್ಲಿ ಸ್ಟೀರಿಯೊ ಹಾಕುವವರಿಗೂ ಸೀಟ್ ಕವರ್ ಹಾಕುವವರಿಗೂ ಮೊದಲೇ ಎಚ್ಚರಿಕೆ ಹೇಳಿ. ಆ ವೈರಿಗೆ ಮಲ್ಟಿಮೀಟರ್ ಹಚ್ಚಿದರೆ ಅದರ ಸಣ್ಣ ಕರೆಂಟಿಗೇ ಬ್ಯಾಗ್ ಸಿಡಿಯಬಹುದು. ಬಲ್ಲ ಮೆಕ್ಯಾನಿಕ್ ಬ್ಯಾಟರಿಯ ಮೈನಸ್ ತೆಗೆದು ಕೆಲವು ನಿಮಿಷ ಕಾಯುತ್ತಾನೆ, ಏಕೆಂದರೆ ಬ್ಯಾಟರಿ ತೆಗೆದರೂ ಒಳಗೆ ಚಾರ್ಜ್ ಉಳಿದಿರುತ್ತದೆ. ಎಷ್ಟು ನಿಮಿಷ ಅಂತ ಆಯಾ ಕಾರಿನ ಪುಸ್ತಕದಲ್ಲಿದೆ. ಕಾರಿನಿಂದ ಹೊರತೆಗೆದ ಬ್ಯಾಗನ್ನು ಕವರ್ ಇರುವ ಮುಖ ಮೇಲಕ್ಕೆ ಬರುವಂತೆ ಇಡುತ್ತಾನೆ. ಕೆಳಗೆ ಮುಖ ಮಾಡಿ ಇಟ್ಟಾಗ ಸಿಡಿದರೆ ಇಡೀ ಗಟ್ಟಿ ಭಾಗವೇ ಮೇಲಕ್ಕೆ ಹಾರುತ್ತದೆ. ಬಂದ ಕೂಡಲೇ ಸ್ಪ್ಯಾನರ್ ಹಾಕುವವನ ಕೈಗೆ ಕೊಡಬೇಡಿ.

ರಾಯಚೂರಿನ ಬಿಸಿಲಿನಲ್ಲಿ ಬ್ಯಾಗ್ ತಾನೇ ಸಿಡಿಯುತ್ತದೆಯಾ ಅಂತ ಕೇಳುತ್ತಾರೆ. ಸರಿಯಿರುವ ಬ್ಯಾಗ್ ಸಿಡಿಯುವುದಿಲ್ಲ. ಆದರೆ ತಕಾಟಾ ಕಂಪನಿಯ ಹಳೆಯ ಬ್ಯಾಗುಗಳಲ್ಲಿ ಅದನ್ನು ಉಬ್ಬಿಸಲು ಬಳಸಿದ್ದ ಅಮೋನಿಯಂ ನೈಟ್ರೇಟ್ ಎಂಬ ರಾಸಾಯನಿಕ ವರ್ಷಗಟ್ಟಲೆ ಸೆಕೆ, ತೇವಕ್ಕೆ ಸಿಕ್ಕು ಕೆಟ್ಟಿತ್ತು. ಅಪಘಾತದಲ್ಲಿ ಬ್ಯಾಗ್ ಬಿಚ್ಚುವಾಗ ಅದರ ಲೋಹದ ಡಬ್ಬಿಯೇ ಒಡೆದು ಚೂರುಗಳು ಹಾರಿ ಜನ ಸತ್ತರು. ಜಗತ್ತಿನಾದ್ಯಂತ ಕೋಟಿಗಟ್ಟಲೆ ಕಾರುಗಳನ್ನು ವಾಪಸ್ ಕರೆಸಿದರು, ಭಾರತದಲ್ಲೂ ಕರೆಸಿದರು. ನಿಮ್ಮದು ಹತ್ತು ವರ್ಷ ದಾಟಿದ ಕಾರಾದರೆ ಆರ್‌ಸಿಯಲ್ಲಿರುವ 17 ಅಕ್ಷರದ ಚಾಸಿಸ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ಅಥವಾ ಶೋರೂಮಿನಲ್ಲಿ ಕೇಳಿ ನೋಡಿ. ಹೀಗೆ ವಾಪಸ್ ಕರೆಸುವ ರೀಕಾಲ್ ಇದ್ದರೆ ಅವರೇ ಪುಕ್ಕಟೆ ಬದಲಾಯಿಸಿ ಕೊಡುತ್ತಾರೆ.

ಒಮ್ಮೆ ಬಿಚ್ಚಿದ ಬ್ಯಾಗನ್ನು ಮಡಚಿ ಮತ್ತೆ ತುಂಬಲು ಬರುವುದಿಲ್ಲ. ಜೋರಾದ ಅಪಘಾತದಲ್ಲಿ ಬಳಕೆಯಾದ ಬೆಲ್ಟೂ ಅಷ್ಟೇ, ಹೊರಗೆ ಚೆನ್ನಾಗಿ ಕಂಡರೂ ಒಳಗೆ ನೂಲು ಹಿಗ್ಗಿರುತ್ತದೆ. ಗುಜರಿಯಿಂದ ತಂದ ಬ್ಯಾಗ್ ಅಗ್ಗ ಅಂತ ಆಸೆ ಬೀಳಬೇಡಿ, ಅದು ಎಲ್ಲಿ ನೆನೆದಿತ್ತೋ ಯಾರಿಗೆ ಗೊತ್ತು.

ಭಾವನ ಕಾರಿಗೆ ಹೊಸ ಬ್ಯಾಗು, ಬ್ಯಾಗ್ ಯಾವಾಗ ಬಿಚ್ಚಬೇಕೆಂದು ನಿರ್ಧರಿಸುವ ಹೊಸ ಕಂಟ್ರೋಲ್ ಮಾಡ್ಯೂಲ್, ಕ್ಲಾಕ್ ಸ್ಪ್ರಿಂಗ್, ಮುಂದಿನ ಎರಡೂ ಬೆಲ್ಟು ಬಿದ್ದವು. ಮಾರಿದವರು ಫೋನ್ ಎತ್ತಲಿಲ್ಲ, ಭಾವ ಕೈಯಿಂದಲೇ ದುಡ್ಡು ಹಾಕಿದರು. ಬಿಲ್ಲಿನಲ್ಲಿ ಪ್ರತಿ ಪಾರ್ಟಿನ ನಂಬರ್ ಬರೆಸಿದೆವು, ಸ್ಕ್ಯಾನರಿನಲ್ಲಿ ದೋಷ ಉಳಿದಿಲ್ಲ ಅಂತ ಕಣ್ಣಾರೆ ನೋಡಿಯೇ ಕಾರು ತಂದೆವು. ಮುಂದಿನ ಹುಣ್ಣಿಮೆಗೆ ಹುಲಿಗಿಗೆ ಹೊರಟಾಗ ಅಕ್ಕನ ಮಗಳು ಹಿಂದೆ ತನ್ನ ಸೀಟಿನಲ್ಲಿ ಕೂತಿದ್ದಳು. ಭಾವ ಕೀ ತಿರುಗಿಸಿ, ಕೆಂಪು ಲೈಟು ಹತ್ತಿ ಆರುವವರೆಗೂ ಸುಮ್ನೆ ಕಾದರು, ಆಮೇಲೆ ಗಾಡಿ ಸ್ಟಾರ್ಟ್ ಮಾಡಿದರು.