ಮನೆಯಲ್ಲೇ ಯಕ್ಷಗಾನ ಭಾಗವತಿಕೆ ರೆಕಾರ್ಡಿಂಗ್: ಆಡಿಯೋ ಇಂಟರ್‌ಫೇಸ್ ಹೊಂದಿಸುವ ಬಗೆ

ಮೈಕಿನ ದನಿಯನ್ನು ಡಿಜಿಟಲ್ ಮಾಡಿ ಲ್ಯಾಪ್‌ಟಾಪ್‌ಗೆ ಕೊಡುವ ಪೆಟ್ಟಿಗೆಯೇ ಇಂಟರ್‌ಫೇಸ್. ಅದನ್ನು ಯುಎಸ್‌ಬಿ ಹಬ್‌ಗೆ ಸಿಕ್ಕಿಸದೆ ನೇರ ಲ್ಯಾಪ್‌ಟಾಪ್‌ಗೇ ಜೋಡಿಸಿ. ಹಬ್‌ನಲ್ಲಿ ಕರೆಂಟ್ ಸಾಲದಿದ್ದರೆ ಧ್ವನಿ ತುಂಡಾಗುತ್ತದೆ. ರೆಕಾರ್ಡಿಂಗ್ ಗುಣಮಟ್ಟಕ್ಕೆ 24 ಬಿಟ್, 48 ಕಿಲೋಹರ್ಟ್ಸ್ ಧಾರಾಳ ಸಾಕು.

ಭಾಗವತರ ಕಂಡೆನ್ಸರ್ ಮೈಕ್ ಜೋಡಿಸಿದ ಮೇಲೆ, ಅದಕ್ಕೆ ಕರೆಂಟ್ ಕೊಡುವ 48 ವೋಲ್ಟ್ ಗುಂಡಿಯನ್ನು ಇಂಟರ್‌ಫೇಸಿನಲ್ಲಿ ಒತ್ತಿ. ಗೇನ್ (ಮೈಕಿನ ದನಿಯನ್ನು ಎಷ್ಟು ಹಿಗ್ಗಿಸಬೇಕೆಂಬ ಮಟ್ಟ) ಹೊಂದಿಸುವಾಗ ಮೆಲ್ಲಗೆ ಗುನುಗಿಸಬೇಡಿ, ಏರುಪದ್ಯವನ್ನೇ ಹಾಡಿಸಿ; ದನಿ ತಾರಕಕ್ಕೇರಿದಾಗಲೂ ಮೀಟರ್ ಮೈನಸ್ 12 ಡೆಸಿಬೆಲ್ ದಾಟಬಾರದು. ಚಂಡೆಯ ಪೆಟ್ಟು ಇನ್ನೂ ಚೂಪು: ಡೈನಾಮಿಕ್ ಮೈಕ್, ಎರಡಡಿ ದೂರ, ದನಿಯ ಮಟ್ಟ ತಗ್ಗಿಸುವ ಪ್ಯಾಡ್ ಗುಂಡಿ ಇದ್ದರೆ ಆನ್. ಕೆಂಪು ದೀಪ ಹತ್ತಿತೋ, ಆ ಟೇಕ್ ಮತ್ತೆ ತೆಗೆಯಿರಿ. ಒಡೆದ ದನಿಯನ್ನು ಆಮೇಲೆ ಪೂರ್ತಿ ಸರಿಪಡಿಸಲಾಗದು.

ಹೆಡ್‌ಫೋನಿನಲ್ಲಿ ದನಿ ತಡವಾಗಿ ಕೇಳಿದರೆ ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ಸೆಟ್ಟಿಂಗ್‌ನಲ್ಲಿ ಬಫರ್ (ಲ್ಯಾಪ್‌ಟಾಪ್ ಒಮ್ಮೆಗೆ ಸಂಸ್ಕರಿಸುವ ಧ್ವನಿಯ ತುಣುಕು) 128 ಸ್ಯಾಂಪಲ್‌ಗೆ ಇಳಿಸಿ. ಮಿಕ್ಸಿಂಗ್‌ಗೆ 512 ಇರಲಿ.

ಶಿರಸಿಯ ಮಳೆಗಾಲದಲ್ಲಿ ಮೈಕನ್ನು ಸ್ಟ್ಯಾಂಡಿನಲ್ಲೇ ಬಿಡಬೇಡಿ. ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ತೇವ ಹಿಡಿದ ಕ್ಯಾಪ್ಸೂಲ್ (ದನಿ ಹಿಡಿಯುವ ಮೈಕಿನ ಭಾಗ) ಚಟಪಟ ಎನ್ನತೊಡಗುತ್ತದೆ.