ಕೋರ್ಟಿಗೂ ಹೋಗ್ದೆ, ಏಜೆಂಟ್‌ಗೂ ಕೊಡ್ದೆ ತೀರ್ಕೊಂಡ ಅಪ್ಪನ ಜಮೀನು, ಬ್ಯಾಂಕ್ ಲೆಕ್ಕ ಮುಗಿಸಿದ್ದು: ನನ್ನ ಅನುಭವ

ಪಹಣಿಲಿ ನಮ್ಮೆಲ್ರ ಹೆಸರು ಬಂತು, ಎಫ್‌ಡಿ ದುಡ್ಡು ಅಮ್ಮನ ಖಾತೆಗೆ ಬಿತ್ತು, ಅದಕ್ಕೇ ಈಗ ಧೈರ್ಯವಾಗಿ ಬರೀತಿದೀನಿ. ಶುರು ಮಾಡ್ದಾಗ ಅಣ್ಣ "ಇದೆಲ್ಲಾ ನಿನ್ ಕೈಲಾಗೋ ಕೆಲಸ ಅಲ್ಲ ಬಿಡೇ, ದುಡ್ಡು ಬಿಸಾಕಿದ್ರೆ ಏಜೆಂಟ್ ಮಾಡ್ಕೊಡ್ತಾನೆ" ಅಂದಿದ್ದ. ಏಜೆಂಟ್ ಪೌತಿ ಖಾತೆಗೆ (ಸತ್ತೋರ ಜಮೀನು ವಾರಸುದಾರರ ಹೆಸರಿಗೆ ಮಾಡ್ಸೋದು) 25 ಸಾವಿರ ಕೇಳ್ದ, ವಕೀಲರು ಸಕ್ಸೆಷನ್ ಸರ್ಟಿಫಿಕೇಟ್‌ಗೆ (ವಾರಸುದಾರರು ಇವರೇ ಅಂತ ಕೋರ್ಟ್ ಕೊಡೋ ಪತ್ರ) 45 ಸಾವಿರದ ಹತ್ರ ಹೇಳಿದ್ರು, ಕೋರ್ಟ್ ಫೀ ಬೇರೆ. ನನಗೆ ಓಡಾಟ, ನೋಟರಿ, ಜೆರಾಕ್ಸ್ ಎಲ್ಲಾ ಸೇರಿ ಒಂಬತ್ತು ಹತ್ತು ಸಾವಿರದೊಳಗೆ ಮುಗೀತು.

ಡೆತ್ ಸರ್ಟಿಫಿಕೇಟ್, ನಾಡಕಚೇರಿ ಅರ್ಜಿ ಇವೆಲ್ಲ ನಿಮಗೆ ಗೊತ್ತಿರೋದೇ, ಅದನ್ನ ಬಿಡ್ತೀನಿ. ನಾನು ಮೊದ್ಲು ಮಾಡಿದ್ದು ಅಪ್ಪನ ಸಿಮ್‌ಗೆ ರೀಚಾರ್ಜ್. ಎಲ್ರೂ ಮೊದಲು ಅದನ್ನೇ ನಿಲ್ಲಿಸ್ತಾರೆ, ಆಮೇಲೆ ಯಾವ ಪಾಲಿಸಿ ಕಂತು, ಯಾವ ಸಾಲದ ಮೆಸೇಜೂ ಗೊತ್ತಾಗಲ್ಲ. ನಮ್ಮ ಸೊಸೈಟಿಲಿ ಅಮ್ಮನ ಎರಡೆಳೆ ಸರ ಅಡ ಇತ್ತು ಅನ್ನೋದು ಅಮ್ಮಂಗೇ ಗೊತ್ತಿರ್ಲಿಲ್ಲ, ಬಡ್ಡಿ ಕಟ್ಟಿ ಅಂತ ಮೆಸೇಜ್ ಬಂದಾಗ್ಲೇ ತಿಳಿದಿದ್ದು.

ಎರಡನೇದು ಪಾಸ್‌ಬುಕ್. ಟ್ರಂಕಲ್ಲಿದ್ದ ಹಳೇವನ್ನೂ ಸೇರಿಸಿ ಒಂದೊಂದು ಸಾಲೂ ಓದ್ದೆ. ಮೇ ಕೊನೇಲಿ 20 ರೂಪಾಯಿ ಕಟ್ ಆಗಿದ್ರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅನ್ನೋ ಸರ್ಕಾರಿ ವಿಮೆ, ಆಕ್ಸಿಡೆಂಟ್‌ಗೆ ಮಾತ್ರ. 436 ಕಟ್ ಆಗಿದ್ರೆ ಜೀವನ್ ಜ್ಯೋತಿ ವಿಮೆ, ಸಾವು ಹೆಂಗೇ ಆಗ್ಲಿ 2 ಲಕ್ಷ. ಅಪ್ಪಂಗೆ 20ರದ್ದು ಮಾತ್ರ ಇತ್ತು, ಹೋಗಿದ್ದು ಹಾರ್ಟ್ ಅಟ್ಯಾಕಲ್ಲಿ, ಸಿಗ್ಲಿಲ್ಲ. ಆದ್ರೆ ಇದೇ ಥರ ದೊಡ್ಡಪ್ಪನ ಸೊಸೆಗೆ ನೋಡ್ಕೊಟ್ಟೆ, 436 ಕಾಣಿಸ್ತು, ಅವ್ರಿಗೆ ಎರಡು ಲಕ್ಷ ಬಂತು. ಅವತ್ತಿಂದ ಅಣ್ಣ ಸ್ವಲ್ಪ ಬಾಯಿ ಮುಚ್ಚಿದಾನೆ.

ಸಿಕ್ಕಾಪಟ್ಟೆ ತಲೆನೋವು ಕೊಟ್ಟಿದ್ದು ವಂಶವೃಕ್ಷ, ಅಂದ್ರೆ ವಾರಸುದಾರರು ಯಾರ್ಯಾರು ಅಂತ ಕಚೇರಿಲಿ ಕೊಡೋ ಪತ್ರ. ನಮ್ಮಜ್ಜಿ, ಅಂದ್ರೆ ಅಪ್ಪನ ಅಮ್ಮ, ಇನ್ನೂ ಇದಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡ್ತಿ ಮಕ್ಕಳ ಜೊತೆ ತಾಯಿನೂ ಮೊದಲನೇ ವರ್ಗದ ವಾರಸುದಾರಳೇ, ತಂದೆ ಅಲ್ಲ. ಕಚೇರಿಲಿ ಅಜ್ಜಿನ ಬಿಟ್ಟು ಅಮ್ಮ, ಅಣ್ಣ, ನಾನು, ತಂಗಿ ಅಷ್ಟೇ ಬರ್ಕೊಟ್ರು, "ವಯಸ್ಸಾದೋರು ಯಾಕೆ ಸುಮ್ನೆ" ಅಂತ. ನಾನು ಒಪ್ಲಿಲ್ಲ, ವಾಪಸ್ ಹಾಕಿ ಹೊಸದಾಗಿ ಮಾಡ್ಸಿದ್ದಕ್ಕೆ ಎರಡು ತಿಂಗಳು ಹೋಯ್ತು, ಮನೇಲಿ ಬೈಸ್ಕೊಂಡೆ. ಆಮೇಲೆ ಬ್ಯಾಂಕಲ್ಲಿ ಕೇಳಿದ ಮೊದಲನೇ ಪ್ರಶ್ನೆನೇ "ಮೃತರ ತಾಯಿ ಇದಾರಾ?"

ಸರಿ, ವಾರಸುದಾರರಲ್ಲಿ ಅಜ್ಜಿನೂ ಸೇರಿದ್ಮೇಲೆ ಅವರ ಆಧಾರ್‌ಗೆ ಫೋನ್ ನಂಬರ್ ಸೇರಿಸ್ಬೇಕಿತ್ತು. ಸೆಂಟರಲ್ಲಿ ಹತ್ತೂ ಬೆರಳು ಒತ್ತಿದ್ರೂ ಮಿಷನ್ ತಗೊಳ್ತಿಲ್ಲ. ಐವತ್ತು ವರ್ಷ ಹುಣಸೆಹಣ್ಣು ಕುಟ್ಟಿ, ಕೊಬ್ಬರಿ ಸುಲಿದ ಕೈ, ಗೆರೆ ಅನ್ನೋದೇ ಇಲ್ಲ, ಹೆಬ್ಬೆರಳಿನ ತುದಿ ಕನ್ನಡಿ ಥರ ನುಣ್ಣಗಿದೆ. ಆ ಹುಡುಗ ವ್ಯಾಸಲೀನ್ ಹಚ್ಚಿ ಒರೆಸಿ ನೋಡ್ದ, ಆಗ್ಲಿಲ್ಲ. ಕೊನೆಗೆ ಕಣ್ಣಿನ ಸ್ಕ್ಯಾನ್ ಮಾಡಿ ಅಂತ ಹಠ ಹಿಡಿದೆ, ಪೊರೆ ಆಪರೇಷನ್ ಆಗಿದ್ ಕಣ್ಣು, ಆಗುತ್ತೋ ಇಲ್ವೋ ಅಂತ ಎಲ್ರಿಗೂ ಅನುಮಾನ, ಎರಡನೇ ಸಲಕ್ಕೆ ತಗೊಂತು.

ಎಫ್‌ಡಿ ಆರೂವರೆ ಲಕ್ಷ ಇತ್ತು, ನಾಮಿನಿ ಇಲ್ಲ. ಬ್ಯಾಂಕಲ್ಲಿ ಸೀದಾ "ಸಕ್ಸೆಷನ್ ತನ್ನಿ" ಅಂದ್ರು. 2025ರ ಸೆಪ್ಟೆಂಬರಲ್ಲಿ ಆರ್‌ಬಿಐ ಹೊಸ ನಿರ್ದೇಶನ ಕೊಟ್ಟಿದೆ, 15 ಲಕ್ಷದವರೆಗೆ (ಸಹಕಾರಿ ಬ್ಯಾಂಕಾದ್ರೆ 5 ಲಕ್ಷ) ಇಂಡೆಮ್ನಿಟಿ (ಮುಂದೆ ತಕರಾರು ಬಂದ್ರೆ ನಷ್ಟ ನಾವೇ ಕಟ್ಕೊಡ್ತೀವಿ ಅನ್ನೋ ಮುಚ್ಚಳಿಕೆ), ಉಳಿದ ವಾರಸುದಾರರ ಒಪ್ಪಿಗೆ ಪತ್ರ, ವಾರಸಾ ದಾಖಲೆ ಇದ್ರೆ ಕೋರ್ಟ್ ಬೇಕಿಲ್ಲ ಅಂತ. ಪ್ರಿಂಟ್ ತೋರಿಸಿದ್ರೆ "ನಮ್ಗೆ ಇನ್ನೂ ಸರ್ಕ್ಯುಲರ್ ಬಂದಿಲ್ಲ" ಅಂದ್ರು, ಬ್ಯಾಂಕ್‌ಗಳಿಗೆ 2026ರ ಮಾರ್ಚ್ 31ರವರೆಗೆ ಟೈಮ್ ಇತ್ತು ನೋಡಿ. ಅದಕ್ಕೆ ಅವರದೇ ವೆಬ್‌ಸೈಟಲ್ಲಿದ್ದ ಹಳೇ ಕ್ಲೇಮ್ ಪಾಲಿಸಿ ಪ್ರಿಂಟ್ ತಗೊಂಡು ಹೋದೆ, ಅದರಲ್ಲೂ ನಮ್ಮ ಮೊತ್ತಕ್ಕೆ ಕೋರ್ಟ್ ಬೇಡ ಅಂತಾನೇ ಇತ್ತು. ಬಾಯಲ್ಲಿ ಹೇಳೋದು ಬೇಡ, ಏನೇ ಆದ್ರೂ ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೊಳಿ. ದುಡ್ಡು ಕೊಡುವಾಗ ಅವಧಿಗೆ ಮುಂಚೆ ಮುರಿದಿದ್ದಕ್ಕೆ ಅಂತ ನಾಲ್ಕು ಸಾವಿರದ ಹತ್ರ ಹಿಡ್ಕೊಂಡಿದ್ರು. ಠೇವಣಿದಾರ ಸತ್ತು ಎಫ್‌ಡಿ ಮುರಿದ್ರೆ ದಂಡ ಇಲ್ಲ ಅಂತ 2005ರಿಂದ್ಲೇ ನಿಯಮ ಇದೆ. ಒಂದು ಮೇಲ್ ಹಾಕ್ದೆ, ವಾಪಸ್ ಬಂತು.

ಜಮೀನಿಂದು ಬೇರೆ ಕಥೆ. ಪಹಣಿಲಿ ಅಪ್ಪನ ಹೆಸರು ಒಂಥರ, ಆಧಾರಲ್ಲಿ ಇನ್ನೊಂಥರ, ಎರಡೂ ಒಬ್ರೇ ಅಂತ ಅಫಿಡವಿಟ್. ಅಣ್ಣ "ನನ್ನೊಬ್ಬನ ಹೆಸರಿಗೆ ಪೌತಿ ಆಗ್ಲಿ, ನೀವಿಬ್ರು ಒಪ್ಪಿಗೆ ಅಂತ ಬಿಳಿ ಹಾಳೆಲಿ ಸೈನ್ ಹಾಕಿ" ಅಂದ. ಬಿಳಿ ಹಾಳೆಲಿ ಹಕ್ಕು ಹೋಗಲ್ಲ, ಸಬ್ ರಿಜಿಸ್ಟ್ರಾರ್ ಹತ್ರ ಹಕ್ಕು ಬಿಡುಗಡೆ ಪತ್ರ ಆಗ್ಬೇಕು, ನಾಳೆ ನೀನೇ ಲೋನ್‌ಗೆ ಹೋದ್ರೆ ಒದ್ದಾಡ್ತೀಯ ಅಂತ ಹೇಳಿ ಜಂಟಿ ಖಾತೆನೇ ಮಾಡ್ಸಿದೆ. ಹಂಚ್ಕೊಳೋದು ಆಮೇಲೆ, ಅದಕ್ಕೆ 11ಇ ನಕ್ಷೆ (ಜಮೀನು ಭಾಗ ಮಾಡೋಕೆ ಸರ್ವೆ ಮಾಡಿ ಕೊಡೋ ನಕ್ಷೆ) ಬೇಕು, ಸರ್ವೆಯೋರು ಬರೋ ಹೊತ್ತಿಗೆ ಇನ್ನೆರಡು ಕೊಯ್ಲು ಆಗಿರುತ್ತೆ. ತಕರಾರು ಇದ್ರೆ ಹೇಳಿ ಅಂತ ಕೊಡೋ ನೋಟಿಸ್ ಅವಧಿ ಮುಗಿದ್ರೂ ಪೌತಿ ಖಾತೆ ಫೈಲ್ ಅಲ್ಲಾಡ್ತಿರ್ಲಿಲ್ಲ, ಅದು ಯಾರ ಟೇಬಲ್ ಮೇಲೆ ನಿಂತಿದೆ ಅಂತ ಹೆಂಗೆ ಕಂಡುಹಿಡ್ದೆ ಅನ್ನೋದನ್ನ ಇಲ್ಲಿ ಬರೆಯಲ್ಲ, ಬರೆದ್ರೆ ಆ ದಾರಿನೂ ಮುಚ್ಚುತ್ತೆ. ಲಂಚ ಅಂತೂ ಅಲ್ಲ.

ಮಧ್ಯೆ ಸುಮ್ನೆ ಕುತೂಹಲಕ್ಕೆ ಉದ್ಗಮ್ ಪೋರ್ಟಲಲ್ಲಿ (ಯಾರೂ ಕೇಳದೆ ಉಳಿದ ಠೇವಣಿ ಹುಡುಕೋಕೆ ಆರ್‌ಬಿಐ ಮಾಡಿರೋ ವೆಬ್‌ಸೈಟ್) ಅಪ್ಪನ ಹೆಸರು, ಪ್ಯಾನ್ ಹಾಕಿ ಹುಡುಕ್ದೆ. ಹತ್ತು ವರ್ಷ ಮುಟ್ಟದ ಖಾತೆ ದುಡ್ಡು ಆರ್‌ಬಿಐ ಫಂಡ್‌ಗೆ ಹೋಗುತ್ತೆ, ಆದ್ರೂ ಬ್ಯಾಂಕ್ ಮೂಲಕ ವಾಪಸ್ ಕೇಳ್ಬಹುದು. ಪ್ಯಾನಲ್ಲಿ ಸಿಗ್ಲಿಲ್ಲ, ಸ್ಪೆಲಿಂಗ್ ಬದಲಾಯಿಸಿ ಹುಟ್ಟಿದ ದಿನ ಹಾಕ್ದಾಗ ಒಂದು ಹಳೇ ಉಳಿತಾಯ ಖಾತೆ ಸಿಕ್ತು, ಹನ್ನೊಂದು ಸಾವಿರ ಚಿಲ್ರೆ. ಇಷ್ಟಕ್ಕಾ ಅಂತ ನಕ್ಕರು, ನನ್ನ ಪೂರ್ತಿ ಖರ್ಚು ಅದರಲ್ಲೇ ಹುಟ್ತು.

ಇನ್ನು ಉಳಿದಿರೋದು ಷೇರು. ಹಳೇ ಪಾಸ್‌ಬುಕ್ಕಲ್ಲಿ ವರ್ಷಕ್ಕೊಂದ್ಸಲ ಇನ್ನೂರು ಚಿಲ್ರೆ ಡಿವಿಡೆಂಡ್ ಬರ್ತಿತ್ತು, ಖಾತೆ ಬದಲಾದ್ಮೇಲೆ ನಿಂತೋಗಿದೆ. ಏಳು ವರ್ಷ ಸತತ ತಗೊಳ್ದಿದ್ರೆ ಡಿವಿಡೆಂಡ್ ಜೊತೆ ಷೇರೂ ಐಇಪಿಎಫ್‌ಗೆ (ಹೂಡಿಕೆದಾರರಿಗೆ ಅಂತ ಸರ್ಕಾರ ಇಟ್ಟಿರೋ ನಿಧಿ) ಹೋಗುತ್ತೆ, ಇದೂ ಹೋಗಿದೆ. ಮೊದಲು ಕಂಪನಿಯಿಂದ ಅರ್ಹತಾ ಪತ್ರ ತಗೊಂಡು ಆಮೇಲೆ ಐಇಪಿಎಫ್-5 ಅರ್ಜಿ ಹಾಕ್ಬೇಕು. ಹೋದ ವಾರ ಮತ್ತೆ ಕ್ವೆರಿ ಹಾಕಿದಾರೆ, ಅಜ್ಜಿ ಹೆಬ್ಬೆಟ್ಟು ಸ್ಪಷ್ಟ ಇಲ್ವಂತೆ. ಯಾರಿಗಾದ್ರೂ ಹೆಬ್ಬೆಟ್ಟಿನ ಕೇಸಲ್ಲಿ ಇದು ಪಾಸ್ ಆಗಿದ್ರೆ ಹೆಂಗೆ ಅಟೆಸ್ಟ್ ಮಾಡ್ಸಿದ್ರಿ ಹೇಳಿ.